ಇಪ್ಪತ್ತೆರಡರ ಹುಡುಗನಿಗೆ ಕೂದಲು ಕಸಿ ಬೇಕೆ?

ಮೊದಲಿಗೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಿಮ್ಮ ಮಗನಿಗೆ ಇನ್ನೂ ಇಪ್ಪತ್ತೈದು ತುಂಬಿಲ್ಲ, ಆದರೆ ಹಣೆಯ ಎರಡೂ ಮೂಲೆ ಸವೆದು ನಡುನೆತ್ತಿಯೂ ತೆಳ್ಳಗಾಗುತ್ತಿದೆ ಎಂದಾದರೆ, ಈಗಲೇ ಅವನಿಗೆ ಕೂದಲು ಕಸಿ ಮಾಡಿಸಬೇಡಿ. ಕೂದಲು ಎಷ್ಟು ವೇಗವಾಗಿ ಹೋಗುತ್ತಿದೆಯೋ ಅಷ್ಟು ಬೇಗ ಕಸಿ ಮಾಡಿಸಿಬಿಡಬೇಕೆಂದು ಮನೆಯವರು ತಿಳಿಯುತ್ತಾರೆ. ವಾಸ್ತವ ಅದಕ್ಕೆ ತದ್ವಿರುದ್ಧ. ಭರದಿಂದ ಬೋಳಾಗುತ್ತಿರುವ ಎಳೆಯ ತಲೆಗೆ ಕಸಿ ಅತ್ಯಂತ ಅಪಾಯದ ಹೂಡಿಕೆ. ಯಾಕೆ ಎಂಬುದನ್ನು ಈ ವಾರ ಸ್ವಲ್ಪ ವಿವರವಾಗಿ ನೋಡೋಣ.

ಈ ವಿಷಯ ಎತ್ತಿಕೊಳ್ಳಲು ಕಾರಣವಿದೆ. ಕೂದಲು ಉದುರುತ್ತದೆಂದು ನನ್ನಂಥ ಸಾಮಾನ್ಯ ವೈದ್ಯರ ಬಳಿ ಬರುವವರು ಹಿಂದೆ ಎಣ್ಣೆ, ಶಾಂಪೂ, ವಿಟಮಿನ್ ಗುಳಿಗೆಯ ಬಗ್ಗೆ ಕೇಳುತ್ತಿದ್ದರು. ಈಗ ಬರುವಾಗಲೇ ಕೈಯಲ್ಲಿ ಯಾವುದೋ ಕೇಂದ್ರದವರು ಬರೆದುಕೊಟ್ಟ ಅಂದಾಜು ಪಟ್ಟಿ ಇರುತ್ತದೆ. ಇಷ್ಟು ಸಾವಿರ ಗ್ರಾಫ್ಟ್, ಒಂದಕ್ಕೆ ಇಷ್ಟು ರೂಪಾಯಿ, ಹಬ್ಬದ ರಿಯಾಯಿತಿ ಇಷ್ಟು, ಉಳಿದದ್ದು ತಿಂಗಳ ಕಂತು. 'ಬಿ.ಪಿ., ಶುಗರ್ ನೋಡಿ ಒಂದು ಫಿಟ್‌ನೆಸ್ ಬರೆದುಕೊಡಿ ಡಾಕ್ಟ್ರೇ' ಎಂಬುದಷ್ಟೇ ಅವರ ಬೇಡಿಕೆ. ನಿರ್ಧಾರ ಆಗಿಹೋಗಿರುತ್ತದೆ. ಆ ನಿರ್ಧಾರಕ್ಕೆ ಮೊದಲು ತಿಳಿದಿರಬೇಕಾದದ್ದನ್ನು ಯಾರೂ ಹೇಳಿರುವುದಿಲ್ಲ.

ಹುಡುಗನ ಸಂಕಟ ಹುಸಿಯೆಂದು ನಾನು ಹೇಳುತ್ತಿಲ್ಲ. 'ಗಂಡಸಿಗೇಕೆ ಅಂದದ ಚಿಂತೆ' ಎಂದು ನಕ್ಕುಬಿಡುವ ಹಿರಿಯರು ತಮಗೆ ಕೂದಲು ಹೋದದ್ದು ಯಾವ ವಯಸ್ಸಿನಲ್ಲಿ ಎಂದು ನೆನಪು ಮಾಡಿಕೊಳ್ಳಬೇಕು. ನಲವತ್ತೈದರಲ್ಲಿ, ಮದುವೆಯಾಗಿ ಮಕ್ಕಳಾದ ಮೇಲೆ ನೆತ್ತಿ ಕಾಣುವುದು ಬೇರೆ. ಕಾಲೇಜಿನ ಕೊನೆಯ ವರ್ಷದಲ್ಲಿ ಹಿಂದಿನ ಬೆಂಚಿನವರು 'ಅಂಕಲ್' ಎಂದು ಕರೆಯುವುದು ಬೇರೆ. ಸಂಬಂಧ ನೋಡುವಾಗ ಮೊದಲು ಕೇಳುವುದೇ ಫೋಟೋ. ರಾಜ್ ಬಿ. ಶೆಟ್ಟಿಯವರು 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಎಂಬ ಚಿತ್ರವನ್ನೇ ಇದರ ಮೇಲೆ ಮಾಡಿದರು. ಹೆಣ್ಣು ಹುಡುಕುವ ಬಕ್ಕತಲೆಯ ಕನ್ನಡ ಉಪನ್ಯಾಸಕನ ಕಥೆ ನೋಡಿ ಜನ ನಕ್ಕರು, ಆದರೆ ಚಿತ್ರಮಂದಿರದಲ್ಲಿ ನಗದೆ ಕೂತ ಹುಡುಗರೂ ಕೆಲವರು ಇದ್ದಿರಬೇಕು. ನೋವು ನಿಜ. ಅದಕ್ಕೆ ಕೊಡುವ ಮದ್ದು ಸರಿಯಾಗಿರಬೇಕು ಎಂಬುದಷ್ಟೇ ನನ್ನ ಮಾತು.

ಈಗ ತಲೆಯೊಳಗೆ, ಅಂದರೆ ತಲೆಯ ಚರ್ಮದೊಳಗೆ, ನಡೆಯುವುದೇನು ನೋಡೋಣ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಪ್ರತಿ ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಆಮೇಲೆ ಮೂರು ತಿಂಗಳಷ್ಟು ವಿಶ್ರಮಿಸಿ ಉದುರುತ್ತದೆ, ಅದೇ ಬುಡದಿಂದ ಹೊಸ ಕೂದಲು ಹೊರಡುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಬಾಚಣಿಗೆಗೆ ಬಂದರೆ ಗಾಬರಿಯಾಗಬೇಕಿಲ್ಲ. ಗಂಡಸರ ಬೋಳಿನಲ್ಲಿ ಆಗುವುದೇ ಬೇರೆ. ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ನಮ್ಮ ದೇಹದಲ್ಲಿ ಡಿ.ಎಚ್.ಟಿ. ಎಂಬ ಇನ್ನೊಂದು ರೂಪಕ್ಕೆ ಬದಲಾಗುತ್ತದೆ. ಹಣೆಯ ಮೇಲಿನ ಮತ್ತು ನಡುನೆತ್ತಿಯ ಕೂದಲ ಬುಡಗಳು ಕೆಲವರಲ್ಲಿ ಹುಟ್ಟಿನಿಂದಲೇ ಈ ಡಿ.ಎಚ್.ಟಿ.ಗೆ ಸೂಕ್ಷ್ಮವಾಗಿರುತ್ತವೆ. ಅದರ ಪ್ರಭಾವದಲ್ಲಿ ಆ ಬುಡಗಳು ಸುತ್ತಿನಿಂದ ಸುತ್ತಿಗೆ ಕುಗ್ಗುತ್ತ ಹೋಗುತ್ತವೆ. ಕೂದಲು ದಪ್ಪದಿಂದ ಸಣ್ಣದಾಗಿ, ಸಣ್ಣದರಿಂದ ನವಿರಾಗಿ, ಕೊನೆಗೆ ಕಾಣದಾಗುತ್ತದೆ. ಅಮೆರಿಕದ ಅಂಗರಚನಾ ಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ಇದನ್ನು ತೋರಿಸಿದರು. ಯೌವನಕ್ಕೆ ಮೊದಲೇ ವೃಷಣ ಕಳೆದುಕೊಂಡವರು ಬೋಳಾಗುವುದಿಲ್ಲ. ಅವರಿಗೆ ಗಂಡು ಹಾರ್ಮೋನು ಕೊಟ್ಟರೆ, ಮನೆತನದಲ್ಲಿ ಬೋಳು ಇದ್ದವರು ಬೋಳಾಗುತ್ತಾರೆ. ಹಾರ್ಮೋನು ಮತ್ತು ಮನೆತನ ಎರಡೂ ಸೇರಬೇಕು.

ಮನೆತನವೆಂದರೆ ತಾಯಿಯ ಕಡೆಯೋ ತಂದೆಯ ಕಡೆಯೋ ಎಂಬುದು ನಮ್ಮ ಮನೆಗಳಲ್ಲಿ ಮುಗಿಯದ ಜಗಳ. ಎರಡೂ ಕಡೆಯದು. ತಾಯಿಯಿಂದ ಬರುವ ಒಂದು ಜೀನಿನ ಪಾತ್ರ ದೊಡ್ಡದು ನಿಜ, ಆದರೆ ತಂದೆಯ ಕಡೆಯಿಂದ ಬರುವ ಜೀನ್‌ಗಳೂ ಅನೇಕ. ಸೋದರಮಾವನ ತಲೆಯೊಂದನ್ನೇ ನೋಡಿ ಭವಿಷ್ಯ ಹೇಳಬೇಡಿ.

ಇಷ್ಟು ತಿಳಿದ ಮೇಲೆ ನೀರು, ಹೆಲ್ಮೆಟ್, ಎಣ್ಣೆಗಳ ಮಾತು ತಾನಾಗಿ ಇತ್ಯರ್ಥವಾಗುತ್ತದೆ. 'ಊರಲ್ಲಿದ್ದಾಗ ಚೆನ್ನಾಗಿಯೇ ಇತ್ತು, ಬೆಂಗಳೂರಿನ ಪಿ.ಜಿ.ಗೆ ಸೇರಿ ಬೋರ್‌ವೆಲ್ ನೀರು ಹುಯ್ದುಕೊಂಡ ಮೇಲೆ ಶುರುವಾಯಿತು' ಎಂದು ಹೇಳದ ಹುಡುಗನಿಲ್ಲ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ಸಿಕ್ಕಾಗಬಹುದು. ಚರ್ಮದೊಳಗಿನ ಬುಡ ಕುಗ್ಗುವುದಿಲ್ಲ. ಓದಿಗೋ ಕೆಲಸಕ್ಕೋ ಊರು ಬಿಡುವ ವಯಸ್ಸೂ ಮನೆತನದ ಬೋಳು ತಲೆಹಾಕುವ ವಯಸ್ಸೂ ಒಂದೇ, ಅಷ್ಟೆ. ಹೆಲ್ಮೆಟ್ಟಿನ ಮೇಲೂ ಇದೇ ಸುಳ್ಳು ಆಪಾದನೆ. ದಯವಿಟ್ಟು ಹೆಲ್ಮೆಟ್ ತೆಗೆಯಬೇಡಿ. ಕೂದಲಿಲ್ಲದ ತಲೆಯೂ ತಲೆಯೇ. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ 'ಆದಿವಾಸಿ ಎಣ್ಣೆ' ಈಚೆಗೆ ದೇಶವೆಲ್ಲ ಸುತ್ತಿ ಬಂತು. ಗರುಗದ ಸೊಪ್ಪು, ದಾಸವಾಳದ ಎಣ್ಣೆ ನಮ್ಮ ಅಜ್ಜಿಯರೂ ಕಾಯಿಸುತ್ತಿದ್ದರು. ಎಣ್ಣೆ ತಿಕ್ಕಿಸಿಕೊಂಡರೆ ಹಿತ, ಕೂದಲಿಗೆ ಹೊಳಪು. ಆದರೆ ಡಿ.ಎಚ್.ಟಿ.ಯಿಂದ ಕುಗ್ಗಿದ ಬುಡವನ್ನು ಯಾವ ಎಣ್ಣೆಯೂ ಮತ್ತೆ ಹಿಗ್ಗಿಸಿದ್ದು ಸಾಬೀತಾಗಿಲ್ಲ.

ಎಲ್ಲ ಕೂದಲುದುರುವಿಕೆಯೂ ಈ ಬಗೆಯದಲ್ಲ ಎಂಬುದನ್ನು ಮರೆಯಬಾರದು. ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರ ಬಂದು ಎರಡು ಮೂರು ತಿಂಗಳ ಮೇಲೆ ತಲೆಯ ಎಲ್ಲ ಕಡೆಯಿಂದಲೂ ಕೂದಲು ರಾಶಿರಾಶಿಯಾಗಿ ಬರುತ್ತದೆ. ಹಠಕ್ಕೆ ಬಿದ್ದು ಊಟ ಬಿಟ್ಟು ತೂಕ ಇಳಿಸಿದರೂ ಹಾಗೆಯೇ. ಇದು ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಥೈರಾಯ್ಡ್ ತೊಂದರೆ, ಕಬ್ಬಿಣಾಂಶದ ಕೊರತೆ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು. ನಾಣ್ಯದಷ್ಟಗಲ ನುಣ್ಣಗೆ ಉದುರಿ 'ಹುಳ ತಿಂದಿದೆ' ಎನ್ನಿಸಿಕೊಳ್ಳುವುದು ಇನ್ನೊಂದೇ ಕಾಯಿಲೆ. ಈ ಯಾವುದಕ್ಕೂ ಕಸಿ ಮದ್ದಲ್ಲ. ಆದ್ದರಿಂದ ಮೊದಲು ಚರ್ಮತಜ್ಞರಿಗೆ ತೋರಿಸಿ, ಇದು ಯಾವ ಬಗೆಯದೆಂದು ಖಚಿತಪಡಿಸಿಕೊಳ್ಳಿ. ಅಂಗಡಿಗಳಲ್ಲಿ ಉಚಿತವಾಗಿ ಕ್ಯಾಮೆರಾ ಹಿಡಿದು ಮಾಡುವ 'ಹೇರ್ ಟೆಸ್ಟ್' ತಪಾಸಣೆಯಲ್ಲ, ವ್ಯಾಪಾರ.

ಇನ್ನು ಕಸಿಯ ವಿಷಯ. ಕಸಿಯಿಂದ ಹೊಸ ಕೂದಲು ಹುಟ್ಟುವುದಿಲ್ಲ. ಇರುವ ಕೂದಲನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಡುತ್ತಾರೆ. ಎಷ್ಟೇ ಬೋಳಾದರೂ ಬಹುಪಾಲು ಗಂಡಸರಿಗೆ ಕಿವಿಯಿಂದ ಕಿವಿಗೆ ತಲೆಯ ಹಿಂಬದಿಯಲ್ಲಿ ಒಂದು ಪಟ್ಟಿ ಕೂದಲು ಉಳಿಯುವುದನ್ನು ನೀವು ನೋಡಿದ್ದೀರಿ. ಅಲ್ಲಿನ ಬುಡಗಳಿಗೆ ಡಿ.ಎಚ್.ಟಿ. ನಾಟುವುದಿಲ್ಲ. ಆ ಬುಡವನ್ನು ತಂದು ಹಣೆಯ ಮೇಲೆ ನೆಟ್ಟರೂ ಅದು ತನ್ನ ಹುಟ್ಟುಗುಣವನ್ನು ಬಿಡುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೀಚ್ 1952ರಲ್ಲಿ ಗಂಡಸರ ಬೋಳಿಗೆ ಈ ಕಸಿಯನ್ನು ಮೊದಲು ಮಾಡಿದರು, 1959ರಲ್ಲಿ ಪ್ರಕಟಿಸಿದರು. ಆಗ ಗುಂಪುಗುಂಪಾಗಿ ನೆಡುತ್ತಿದ್ದರಿಂದ ತಲೆ ಪ್ಲಾಸ್ಟಿಕ್ ಗೊಂಬೆಯದರಂತೆ ಕಾಣುತ್ತಿತ್ತು. ಈಗ ಒಂದರಿಂದ ನಾಲ್ಕು ಕೂದಲಿರುವ ಸಹಜ ಗೊಂಚಲನ್ನೇ ಬಿಡಿಬಿಡಿಯಾಗಿ ನೆಡುತ್ತಾರೆ. ಆ ಒಂದೊಂದು ಗೊಂಚಲೇ ಗ್ರಾಫ್ಟ್. ಒಳ್ಳೆಯ ಕೈ ಬಿದ್ದರೆ ಕಸಿ ಮಾಡಿದ್ದೆಂದು ಗೊತ್ತಾಗುವುದೇ ಇಲ್ಲ. ವಿದ್ಯೆ ನಿಜವಾಗಿಯೂ ದೊಡ್ಡದು.

ಗದ್ದೆ ಕಂಡವರಿಗೆ ಇದನ್ನು ಬೇಗ ಹೇಳಬಹುದು. ಭತ್ತದ ಸಸಿಯನ್ನು ಒಟ್ಟಲಿನಿಂದ ಕಿತ್ತು ಗದ್ದೆಗೆ ನಾಟಿ ಮಾಡುತ್ತೇವಲ್ಲ, ಹಾಗೆ. ಕಿತ್ತ ಜಾಗದಲ್ಲಿ ಮತ್ತೆ ಸಸಿ ಏಳುವುದಿಲ್ಲ. ಒಟ್ಟಲಿನಲ್ಲಿ ಎಷ್ಟಿದೆಯೋ ಅಷ್ಟೇ. ಭತ್ತದ ವಿಷಯದಲ್ಲಾದರೆ ಮುಂದಿನ ವರ್ಷ ಬೇರೆ ಒಟ್ಟಲು ಹಾಕಬಹುದು, ಸಾಲದಿದ್ದರೆ ಪಕ್ಕದ ಮನೆಯವರನ್ನು ಕೇಳಬಹುದು. ತಲೆಗೆ ಆಯುಷ್ಯಕ್ಕೆಲ್ಲ ಒಂದೇ ಒಟ್ಟಲು. ಪಕ್ಕದವರ ಕೂದಲು, ಅಣ್ಣತಮ್ಮಂದಿರದ್ದಾದರೂ ಸರಿ, ನಿಮ್ಮ ತಲೆಯಲ್ಲಿ ನಿಲ್ಲುವುದಿಲ್ಲ.

ಈಗ ಲೆಕ್ಕ ಹಾಕಿ. ಹಿಂಬದಿ ಬರಿದಾಗಿ ಕಾಣದಂತೆ ಆಯುಷ್ಯದಲ್ಲಿ ತೆಗೆಯಬಹುದಾದದ್ದು, ತಲೆಯಿಂದ ತಲೆಗೆ ವ್ಯತ್ಯಾಸವಿದ್ದರೂ, ಸಾಮಾನ್ಯವಾಗಿ ನಾಲ್ಕರಿಂದ ಆರು ಸಾವಿರ ಗ್ರಾಫ್ಟ್. ಒಂದರಲ್ಲಿ ಸರಾಸರಿ ಎರಡು ಕೂದಲು ಎಂದರೆ ಹೆಚ್ಚೆಂದರೆ ಹತ್ತು ಹನ್ನೆರಡು ಸಾವಿರ ಕೂದಲು. ಪೂರ್ತಿ ಬೋಳಾಗುವವನ ತಲೆಯಿಂದ ಹೋಗುವುದು ಐವತ್ತು ಸಾವಿರಕ್ಕೂ ಹೆಚ್ಚು. ಐವತ್ತರ ಜಾಗಕ್ಕೆ ಹನ್ನೆರಡು. ಯಾವ ಶಸ್ತ್ರವೈದ್ಯರೂ ಹೋದದ್ದೆಲ್ಲ ತುಂಬಿಕೊಡಲಾರರು. ತೆಳ್ಳಗೆ ಹರಡಿ, ಮುಂಭಾಗಕ್ಕೆ ಒತ್ತು ಕೊಟ್ಟು, ತುಂಬಿದಂತೆ ಕಾಣುವ ಹಾಗೆ ಮಾಡಬಲ್ಲರು, ಅಷ್ಟೆ. ಅಷ್ಟು ಮಾಡಬೇಕಾದರೂ ಅವರಿಗೆ ಒಂದು ವಿಷಯ ಗೊತ್ತಿರಬೇಕು: ಕೊನೆಗೆ ಬೋಳಾಗುವ ಜಾಗ ಎಷ್ಟು?

ಇಪ್ಪತ್ತೆರಡರ ಹುಡುಗನಲ್ಲಿ ಇದನ್ನು ಯಾರೂ ಹೇಳಲಾರರು. ಹದಿನೆಂಟು ಹತ್ತೊಂಬತ್ತಕ್ಕೇ ಆರಂಭವಾಗಿ ಮೂರು ವರ್ಷದಲ್ಲಿ ಇಷ್ಟು ದೂರ ಬಂದಿದ್ದರೆ ಕೊನೆಗೆ ಬಹಳ ದೂರ ಹೋಗುವ ಸಂಭವವೇ ಹೆಚ್ಚು. ಕೆಲವರಲ್ಲಂತೂ ಹಿಂಬದಿಯ ಒಟ್ಟಲೇ ತೆಳುವಾಗುತ್ತದೆ. ಅಂಥಲ್ಲಿಂದ ಕಿತ್ತು ನೆಟ್ಟ ಕೂದಲೂ ಮುಂದೆ ಉದುರುತ್ತದೆ. ಆದರೆ ಹುಡುಗ ಕೇಳುವುದೇನು? ಪಿ.ಯು.ಸಿ.ಯಲ್ಲಿದ್ದ ಹಣೆಯ ಗೆರೆ ಬೇಕು, ದಟ್ಟವಾಗಿ ಬೇಕು, ಕೆಳಗೆ ಬೇಕು. ಕೇಂದ್ರದವರು ಒಪ್ಪಿ ಎರಡೂವರೆ ಸಾವಿರ ಗ್ರಾಫ್ಟ್ ಮುಂಭಾಗಕ್ಕೇ ಸುರಿದುಬಿಡುತ್ತಾರೆ. ಒಂದೆರಡು ವರ್ಷ ಮನೆಯವರೆಲ್ಲ ಸಂತೋಷ. ಕಸಿಯಿಂದ ರೋಗವೇನೂ ನಿಂತಿಲ್ಲವಲ್ಲ, ನೆಟ್ಟ ಕೂದಲಿನ ಹಿಂದೆ ಇದ್ದ ಮೂಲ ಕೂದಲು ತನ್ನ ಪಾಡಿಗೆ ಹೋಗುತ್ತಲೇ ಇರುತ್ತದೆ. ಮೂವತ್ತಕ್ಕೆ ಬರುವ ಹೊತ್ತಿಗೆ ಹಣೆಯ ಮೇಲೊಂದು ಪಟ್ಟಿ ಕೂದಲು, ಅದರ ಹಿಂದೆ ಬಯಲು, ಬಯಲಿನ ಹಿಂದೆ ಮತ್ತೆ ಕೂದಲು. ಸಹಜವಾಗಿ ಬೋಳಾದವರ್ಯಾರೂ ಹೀಗೆ ಕಾಣುವುದಿಲ್ಲ. ಆ ಬಯಲನ್ನು ತುಂಬಲು ಎರಡನೆಯ ಕಸಿ, ನೆತ್ತಿಗೆ ಮೂರನೆಯದು. ಅಷ್ಟರಲ್ಲಿ ಒಟ್ಟಲು ಖಾಲಿ. ಇಪ್ಪತ್ತೆರಡರಲ್ಲಿ ಕೆಳಗೆ ಎಳೆದ ಹಣೆಯ ಗೆರೆ ಐವತ್ತರಲ್ಲೂ ಅಲ್ಲೇ ಕೂತಿರುತ್ತದೆ, ಮುಖಕ್ಕೆ ಹೊಂದದೆ. ಇದಕ್ಕೇ ನಾನು ತಾಳಿ ಎನ್ನುವುದು.

ತಾಳುವುದೆಂದರೆ ಕೈಕಟ್ಟಿ ಕೂರುವುದಲ್ಲ. ಇರುವ ಕೂದಲನ್ನು ಉಳಿಸಿಕೊಳ್ಳಲು ಎರಡು ಔಷಧಿಗಳಿವೆ, ಎಷ್ಟು ಬೇಗ ಆರಂಭಿಸಿದರೆ ಅಷ್ಟು ಲಾಭ. ಅವಸರ ಮಾಡುವುದಾದರೆ ಇಲ್ಲಿ ಮಾಡಬೇಕು.

ಒಂದು ಮಿನಾಕ್ಸಿಡಿಲ್. ಇದು ಮೂಲತಃ ರಕ್ತದೊತ್ತಡದ ಗುಳಿಗೆ. ನುಂಗಿದವರ ಮೈಮೇಲೆಲ್ಲ ಕೂದಲು ಬರುವುದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಹಚ್ಚಲು ಆರಂಭಿಸಿದ ಮೊದಲ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು. ಹಳೆಯ ಕೂದಲನ್ನು ತಳ್ಳಿ ಹೊಸದು ಹೊರಡುವ ಸೂಚನೆ ಅದು. ಬಹಳ ಮಂದಿ ಹೆದರಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಮನೆಯಲ್ಲಿ ಬೆಕ್ಕು ಸಾಕಿದ್ದರೆ ಒಂದು ಎಚ್ಚರಿಕೆ: ಬೆಕ್ಕಿಗೆ ಈ ಔಷಧಿ ವಿಷ. ಹಚ್ಚಿದ ತಲೆಯನ್ನಾಗಲಿ ದಿಂಬನ್ನಾಗಲಿ ಅದು ನೆಕ್ಕಬಾರದು.

ಇನ್ನೊಂದು ಫಿನಾಸ್ಟಿರೈಡ್ ಗುಳಿಗೆ, ದಿನಕ್ಕೆ 1 ಮಿಲಿಗ್ರಾಂ. ಇದು ಪ್ರಾಸ್ಟೇಟ್ ಗ್ರಂಥಿಯ ಔಷಧಿಯಾಗಿ ಬಂದು, 1997ರಲ್ಲಿ ಕೂದಲಿಗೂ ಒಪ್ಪಿಗೆ ಪಡೆಯಿತು. ರಕ್ತದಲ್ಲಿನ ಡಿ.ಎಚ್.ಟಿ.ಯನ್ನು ಸುಮಾರು ಮೂರನೇ ಎರಡು ಭಾಗ ಇಳಿಸುತ್ತದೆ. ರೋಗದ ಮೂಲಕ್ಕೇ ಕೈಹಾಕುವುದು ಇದೊಂದೇ ಎನ್ನಬಹುದು. ಅದಕ್ಕೇ ಇದರ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು. ಲೈಂಗಿಕ ಆಸಕ್ತಿ ತಗ್ಗುವುದು, ಉದ್ರೇಕದ ತೊಂದರೆ ಮುಂತಾದವು ಆರಂಭದ ಪರೀಕ್ಷೆಗಳಲ್ಲಿ ಗುಳಿಗೆ ನುಂಗಿದವರ ಪೈಕಿ ನೂರಕ್ಕೆ ಸುಮಾರು ನಾಲ್ವರಲ್ಲಿ, ಔಷಧಿಯಿಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿ ಇಬ್ಬರಲ್ಲಿ ಕಂಡವು. ಹೆಚ್ಚಿನವರಿಗೆ ನಿಲ್ಲಿಸಿದರೆ ಸರಿಹೋಗುತ್ತದೆ. ನಿಲ್ಲಿಸಿದ ಮೇಲೂ ಮುಂದುವರಿದುದನ್ನು ಕೆಲವರು ವರದಿ ಮಾಡಿದ್ದಾರೆ. ಮನಸ್ಸು ಕುಗ್ಗುವುದು, ಆತ್ಮಹತ್ಯೆಯ ಯೋಚನೆ ಬರುವುದು ಇದರ ಅಡ್ಡ ಪರಿಣಾಮವಾಗಿರಬಹುದೆಂದು ಯೂರೋಪಿನ ಔಷಧಿ ಸಂಸ್ಥೆ 2025ರಲ್ಲಿ ದೃಢಪಡಿಸಿದೆ. ಹಿಂದೆ ಖಿನ್ನತೆ ಇದ್ದ ಹುಡುಗನಿಗೆ ಈ ಗುಳಿಗೆ ಕೊಡುವಾಗ ನಾನಂತೂ ಎರಡು ಸಲ ಯೋಚಿಸುತ್ತೇನೆ. ಗುಳಿಗೆ ನುಂಗುವವರು ರಕ್ತದಾನ ಮಾಡಬಾರದು, ನಿಲ್ಲಿಸಿ ಒಂದು ತಿಂಗಳಾದರೂ ಆಗಬೇಕು. ಪುಡಿಯಾದ ಗುಳಿಗೆಯನ್ನು ಮನೆಯ ಗರ್ಭಿಣಿಯರು ಮುಟ್ಟಬಾರದು. ಇವನ್ನೆಲ್ಲ ಕೇಳಿ ಬೆದರುವುದೂ ಬೇಡ. ವೈದ್ಯರ ಚೀಟಿಯಿಲ್ಲದೆ, ಗೆಳೆಯ ಹೇಳಿದನೆಂದು ತರಿಸಿ ನುಂಗುವುದೂ ಬೇಡ.

ತಂದೆಯವರಲ್ಲಿ ಒಂದು ವಿನಂತಿ. ಈ ಮಾತುಕತೆಗೆ ಹುಡುಗನನ್ನು ಒಳಗೆ ಒಬ್ಬನೇ ಕಳಿಸಿ. ಕೇಳಬೇಕಾದ ಪ್ರಶ್ನೆಗಳನ್ನು ಅವನು ನಿಮ್ಮೆದುರು ಕೇಳುವುದಿಲ್ಲ. ಕೇಳದೆ ಹೋದರೆ ಆಮೇಲೆ ತೊಂದರೆಯಾದಾಗ ಹೇಳುವುದೂ ಇಲ್ಲ.

ಎರಡೂ ಔಷಧಿಗಳನ್ನು ಬಿಟ್ಟರೆ ಉಳಿಸಿಕೊಂಡ ಕೂದಲು ಕೆಲವು ತಿಂಗಳಲ್ಲಿ ಹೋಗುತ್ತದೆ. ಹಾಗಾದರೆ ಜನ್ಮಪೂರ್ತಿಯೇ ಎಂದು ಕೇಳುತ್ತೀರಿ. ಕೂದಲು ಬೇಕೆನ್ನುವಷ್ಟು ಕಾಲ, ಹೌದು. ಕಸಿ ಮಾಡಿಸಿದರೂ ಇವು ತಪ್ಪುವುದಿಲ್ಲ. ನೆಡದೆ ಇದ್ದ ಕೂದಲನ್ನು ಕಾಯಬೇಕಲ್ಲ. ಇದನ್ನು ಹೇಳದೆ 'ಒಂದೇ ಸಲ, ಶಾಶ್ವತ ಪರಿಹಾರ' ಎನ್ನುವ ಜಾಹೀರಾತು ಅರ್ಧ ಸತ್ಯ. ಮೂರು ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ಕೋನದಿಂದ ಫೋಟೋ ತೆಗೆದಿಡಿ. ದಿನಾ ಕನ್ನಡಿ ನೋಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬಯೋಟಿನ್ ಗುಳಿಗೆಗಳ ಮಾತು ಕೇಳಿರುತ್ತೀರಿ. ಕೊರತೆ ಇರುವವರನ್ನು ಬಿಟ್ಟರೆ ಅದರಿಂದ ಲಾಭವಿಲ್ಲ, ಮೇಲಾಗಿ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ಅದು ಕೆಡಿಸಬಲ್ಲದು. ರಕ್ತ ಕೊಡುವ ಮೊದಲು ಲ್ಯಾಬಿನವರಿಗೆ ಹೇಳಿ.

ಒಂದು ವರ್ಷ ಹೀಗೆ ಔಷಧಿ ನಡೆಸಿ, ಉದುರುವುದು ನಿಂತಿದೆಯೇ ನೋಡಬೇಕು. ಹುಡುಗ ಇಪ್ಪತ್ತೆಂಟು ಮೂವತ್ತರ ಹತ್ತಿರ ಬಂದು, ಕೂದಲು ಒಂದು ಹಂತಕ್ಕೆ ನಿಂತು, ಹಿಂಬದಿ ದಟ್ಟವಾಗಿದ್ದು, ವಯಸ್ಸಿಗೆ ತಕ್ಕ ಎತ್ತರದ ಹಣೆಗೆರೆಗೆ ಅವನು ಒಪ್ಪಿದರೆ, ಆಗ ಕಸಿ ಒಳ್ಳೆಯ ಚಿಕಿತ್ಸೆ. ದುಡಿದ ದುಡ್ಡಿನಲ್ಲಿ ಮಾಡಿಸಿಕೊಳ್ಳಲಿ, ಯಾರೂ ಹೀಯಾಳಿಸಬೇಕಿಲ್ಲ. ಸಾಲ ತೆಗೆಯುವ ಮುನ್ನ ಇದನ್ನು ತಿಳಿದಿರಿ: ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ, ಚಿಕಿತ್ಸೆಗಳಿಗಿರುವ ಜಿ.ಎಸ್.ಟಿ. ವಿನಾಯಿತಿಯೂ ಇದಕ್ಕಿಲ್ಲ.

ಯಾರ ಕೈಯಲ್ಲಿ ಎಂಬುದು ಎಲ್ಲಕ್ಕಿಂತ ಮುಖ್ಯ. ಕಸಿಯಿಂದ ಯಾರಾದರೂ ಸಾಯುತ್ತಾರೆಯೇ ಎಂದು ನೀವು ಆಶ್ಚರ್ಯಪಡಬಹುದು. 2016ರಲ್ಲಿ ಚೆನ್ನೈನಲ್ಲಿ 22 ವರ್ಷದ ವಿದ್ಯಾರ್ಥಿಯೊಬ್ಬ ಕೂದಲು ಕಸಿಯ ನಂತರ ತೀರಿಕೊಂಡ. ಅವನು ಓದುತ್ತಿದ್ದದ್ದು ವೈದ್ಯಕೀಯ. ಕಾನ್ಪುರದಲ್ಲಿ 2024ರ ನವೆಂಬರಿನಲ್ಲಿ ಒಬ್ಬ, 2025ರ ಮಾರ್ಚಿನಲ್ಲಿ ಇನ್ನೊಬ್ಬ ಇಂಜಿನಿಯರ್ ಸತ್ತರು. ಕಸಿ ಮಾಡಿದರೆಂದು ಪೊಲೀಸರು ಪ್ರಕರಣ ದಾಖಲಿಸಿದ್ದು ದಂತವೈದ್ಯೆಯೊಬ್ಬರ ಮೇಲೆ. ಇಂಥ ಸಾವು ಅಪರೂಪ, ಒಪ್ಪುತ್ತೇನೆ. ಆದರೆ ಆರೆಂಟು ಗಂಟೆ ನಡೆಯುವ ಈ ಕೆಲಸದಲ್ಲಿ ತಲೆಯ ಚರ್ಮಕ್ಕೆ ಮತ್ತೆ ಮತ್ತೆ ಅರಿವಳಿಕೆ ಚುಚ್ಚುತ್ತಾರೆ. ಆ ಔಷಧಿಗೆ ದೇಹದ ತೂಕಕ್ಕೆ ತಕ್ಕ ಮಿತಿಯಿದೆ. ಮಿತಿ ಮೀರಿದರೆ ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಆಮೇಲೆ ಫಿಟ್ಸ್, ಕೊನೆಗೆ ಹೃದಯ ನಿಲ್ಲಬಹುದು. ಆ ಗಳಿಗೆಯಲ್ಲಿ ಪಕ್ಕದಲ್ಲಿ ಆಮ್ಲಜನಕ ಮತ್ತು ತಿಳಿದ ವೈದ್ಯರು ಇರಬೇಕು, ರಿಸೆಪ್ಷನ್ನಿನ ಹುಡುಗಿ ಅಲ್ಲ.

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕೂದಲು ಕಸಿ ಮಾಡಬೇಕಾದವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಅಥವಾ ಚರ್ಮರೋಗ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮತ್ತು ತಕ್ಕ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದವರಾಗಿರಬೇಕು. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸಾಲದು ಎಂದು ಅದರಲ್ಲಿದೆ. ಹಾಗೆ ನೋಡಿದರೆ ಎಂ.ಬಿ.ಬಿ.ಎಸ್. ಓದಿದ ನಾನೂ ಇದನ್ನು ಮಾಡುವಂತಿಲ್ಲ. ಹೋದಲ್ಲಿ ವೈದ್ಯರ ಹೆಸರು, ಪದವಿ, ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ನಮ್ಮ ರಾಜ್ಯದಲ್ಲಿ ಕೆ.ಪಿ.ಎಂ.ಇ. ಕಾಯ್ದೆಯ ಪ್ರಕಾರ ನೋಂದಣಿ ಪತ್ರ ಕಾಣುವ ಜಾಗದಲ್ಲಿ ತೂಗುಹಾಕಿರಬೇಕು. ಬುಡ ಕೀಳುವವರು ಯಾರು, ನೆಡಲು ರಂಧ್ರ ಮಾಡುವವರು ಯಾರು, ಅಷ್ಟೂ ಹೊತ್ತು ವೈದ್ಯರು ಕೋಣೆಯಲ್ಲಿರುತ್ತಾರೆಯೇ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಇಪ್ಪತ್ತೆರಡರ ಹುಡುಗನಿಗೆ ಔಷಧಿಯ ಮಾತೇ ಎತ್ತದೆ ಮೊದಲ ದಿನವೇ ಮುಂಗಡ ಕೇಳಿದರೂ ಎದ್ದು ಬನ್ನಿ.

ಮನೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹುಡುಗ ಮದುವೆ ಮುಂಜಿಗೆ ಬರುವುದಿಲ್ಲ, ಟೋಪಿ ತೆಗೆಯುವುದಿಲ್ಲ, ಗಂಟೆಗಟ್ಟಲೆ ಕನ್ನಡಿಯ ಮುಂದೆ ನಿಲ್ಲುತ್ತಾನೆ, ಓದು ಬಿಟ್ಟಿದ್ದಾನೆ ಎಂದಾದರೆ ಅವನಿಗೆ ಮೊದಲು ಬೇಕಾದದ್ದು ಮನೋವೈದ್ಯರ ನೆರವು. ಇಂಥ ಮನಸ್ಥಿತಿಯಲ್ಲಿ ಕಸಿ ಎಷ್ಟೇ ಚೆನ್ನಾಗಿ ಬಂದರೂ ಅವನಿಗೆ ಸಮಾಧಾನವಾಗುವುದಿಲ್ಲ. 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕೂದಲನ್ನು ಗಿಡ್ಡಗೆ ಕತ್ತರಿಸಿ ಓಡಾಡುವುದು, ಪೂರ್ತಿ ಬೋಳಿಸಿ ಗಡ್ಡ ಬಿಡುವುದು ಹುಡುಗರಲ್ಲಿ ಈಗ ಸಾಮಾನ್ಯವಾಗಿದೆ, ಹಲವರಿಗೆ ಚೆನ್ನಾಗಿಯೂ ಒಪ್ಪುತ್ತದೆ. ಖರ್ಚಿಲ್ಲದ ಈ ದಾರಿಯನ್ನು ಆರು ತಿಂಗಳು ಪರೀಕ್ಷಿಸಿ ನೋಡಲು ಅಡ್ಡಿಯೇನು? ಇನ್ನು ನೆಂಟರ ಮನೆಯ ಪಂಕ್ತಿಯಲ್ಲಿ 'ಏನಪ್ಪಾ, ನಿಮ್ಮಪ್ಪನಿಗಿಂತ ಮೊದಲೇ ನಿಂದು ಖಾಲಿಯಾಯ್ತಲ್ಲ' ಎನ್ನುವ ಚಿಕ್ಕಪ್ಪಂದಿರು ದಯವಿಟ್ಟು ಹೋಳಿಗೆಯ ಕಡೆ ಗಮನ ಕೊಡಿ.

ಕಸಿ ಮಾಡಿಸಿಕೊಂಡ ಮೇಲೆ ಏನಾಗುತ್ತದೆಂಬುದೂ ಗೊತ್ತಿರಲಿ. ಹತ್ತು ದಿನದಲ್ಲಿ ಹಕ್ಕಳೆ ಉದುರುತ್ತದೆ. ಮೂರು ನಾಲ್ಕು ವಾರದಲ್ಲಿ ನೆಟ್ಟ ಕೂದಲೂ ಬಹುಪಾಲು ಉದುರುತ್ತದೆ, ದುಡ್ಡು ಹೋಯಿತೆಂದು ಮನೆಯಲ್ಲಿ ಗಲಾಟೆಯಾಗುವುದು ಆಗಲೇ. ಬುಡ ಒಳಗಿರುತ್ತದೆ, ಮೂರು ನಾಲ್ಕು ತಿಂಗಳಿಗೆ ಹೊಸ ಕೂದಲು ಹೊರಟು, ಪೂರ್ತಿ ಫಲ ಕಾಣಲು ಒಂದು ವರ್ಷವಾದರೂ ಬೇಕು. ಮದುವೆಗೆ ಎರಡು ತಿಂಗಳಿದೆ ಎಂದು ಬರುವವರಿಗೆ ಇದು ತಿಳಿದಿರಬೇಕು. ಜ್ವರ, ಕೀವು, ದಿನೇದಿನೇ ಹೆಚ್ಚುವ ನೋವು ಕಂಡರೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಮೊದಲ ಕೆಲವು ದಿನ ಹಣೆ, ಕಣ್ಣಿನ ಸುತ್ತ ಬಾವು ಬರುವುದು ಸಾಮಾನ್ಯ. ಆದರೆ ಉಸಿರಾಟದ ಕಷ್ಟ ಇದ್ದರೆ ಸೀದಾ ದೊಡ್ಡ ಆಸ್ಪತ್ರೆಗೆ.

ತಾಯಂದಿರು ಕೇಳುವ ಒಂದು ಪ್ರಶ್ನೆ ಉಳಿಯಿತು. ಕಸಿ ಮಾಡಿಸಿದ ಮೇಲೆ ತಿರುಪತಿಗೆ ಮುಡಿ ಕೊಡಬಹುದೇ? ಒಂದು ವರ್ಷ ಕಳೆದ ಮೇಲೆ ಕೊಡಬಹುದು. ಬುಡ ಚರ್ಮದೊಳಗೆ ಇರುವುದರಿಂದ ಬೋಳಿಸಿದ ಕೂದಲು ಮತ್ತೆ ಬರುತ್ತದೆ. ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂಬುದು ಮಾತ್ರ ಸುಳ್ಳು. ಹಿಂಬದಿಯಿಂದ ಚರ್ಮದ ಪಟ್ಟಿ ತೆಗೆದು ಮಾಡುವ ಕಸಿಯಲ್ಲಿ ಕಿವಿಯಿಂದ ಕಿವಿಗೆ ಗೆರೆಯಂಥ ಕಲೆ ಉಳಿಯುತ್ತದೆ, ಬಿಡಿಬಿಡಿಯಾಗಿ ಕೀಳುವ ಕಸಿಯಲ್ಲಿ ಚುಕ್ಕೆಚುಕ್ಕೆ ಕಲೆ. ಮುಡಿ ಕೊಟ್ಟ ದಿನ, ಅಥವಾ ಮುಂದೊಂದು ದಿನ ಹಿರಿಯರ ಕರ್ಮಕ್ಕೆ ತಲೆ ಬೋಳಿಸಿಕೊಂಡಾಗ, ಆ ಕಲೆ ಊರಿಗೆಲ್ಲ ಕಾಣುತ್ತದೆ. ಹೇಗೂ ಬಿಡಿ ಕಸಿಗೆ ಮೊದಲು ತಲೆ ನುಣ್ಣಗೆ ಕತ್ತರಿಸುವುದು ವಾಡಿಕೆ. ಹರಕೆ ಬಾಕಿ ಇದ್ದವರು ಅದನ್ನು ಮೊದಲೇ ತೀರಿಸಿ ಬಂದರೆ ಅನುಕೂಲ.